ಬುತ್ತಿಯಿಂದ ಬಾರ್‌ಗೆ: ಮಧ್ಯಾಹ್ನದ ಊಟದ ಹೊಣೆ ಯಾರದು?

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ನಡುವೆ ಇರುವ ದೂರ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರು. ಬೆಳಿಗ್ಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರು ಅನೇಕರು. ಇಂಥವರ ಕೈಚೀಲದಲ್ಲಿ ಊಟದ ಡಬ್ಬಿ ಇರುವುದು ಹಿಂದಿನಿಂದ ಬಂದ ರೂಢಿ. ಈಚಿನ ವರ್ಷಗಳಲ್ಲಿ ಅಲ್ಲಲ್ಲಿ ಆ ಡಬ್ಬಿಯ ಜಾಗಕ್ಕೆ ಇನ್ನೊಂದು ವಸ್ತು ಬರತೊಡಗಿದೆ. ಹೊಳೆಯುವ ಹೊದಿಕೆಯೊಳಗೆ ಬೆಚ್ಚಗೆ ಕುಳಿತ, ಗೇಣುದ್ದವೂ ಇಲ್ಲದ ಪೌಷ್ಟಿಕ ಬಾರ್. ಓಟ್ಸ್, ಶೇಂಗಾ, ಬಾದಾಮಿ, ಖರ್ಜೂರ, ಹಾಲಿನ ಅಥವಾ ಸೋಯಾದ ಪ್ರೋಟೀನ್ ಪುಡಿ, ಇವನ್ನೆಲ್ಲ ಸಿಹಿ ಪಾಕದಲ್ಲಿ ಕಲಸಿ ಒತ್ತಿ ಕತ್ತರಿಸಿದ ತುಂಡು. ‘ಬಾರ್’ ಎಂದೊಡನೆ ಬೇರೆಯದೇ ಅಂಗಡಿ ನೆನಪಾಗುವ ನಮ್ಮ ನಾಡಿನಲ್ಲಿ ಈ ಹೆಸರು ಮೊದಲಿಗೆ ನಗು ತರಿಸಬಹುದು. ಆದರೆ ಬೆಳಗಿನಿಂದ ಸಂಜೆಯವರೆಗೆ ಅಂಗಡಿ, ಕಚೇರಿ, ಬಸ್ಸುಗಳಲ್ಲಿ ಸುತ್ತುವವರಿಗೆ, ಮಧ್ಯಾಹ್ನ ಇದೊಂದನ್ನು ತಿಂದು ನೀರು ಕುಡಿದರೆ ಊಟದ ಕೆಲಸ ಮುಗಿಯಿತು ಎಂಬ ಆಲೋಚನೆ ಸಹಜವಾಗಿಯೇ ಆಕರ್ಷಕವಾಗಿದೆ.

ಅದು ನಿಜವಾಗಿ ಊಟದ ಕೆಲಸ ಮಾಡುತ್ತದೆಯೇ? ಪ್ರಶ್ನೆ ಮೇಲ್ನೋಟಕ್ಕೆ ಹೊಟ್ಟೆಗೆ ಸಂಬಂಧಿಸಿದ್ದು. ಆದರೆ ಇದರ ಹಿಂದೆ ಒಂದು ದೀರ್ಘ ಚರಿತ್ರೆಯಿದೆ. ಮನೆಯಿಂದ ದೂರವಿರುವ ಮನುಷ್ಯನ ಮಧ್ಯಾಹ್ನದ ಹಸಿವನ್ನು ಯಾರು ನೋಡಿಕೊಳ್ಳಬೇಕು ಎಂಬುದೇ ಆ ಚರಿತ್ರೆ. ಅದರ ಬಹುಪಾಲು ಅಧ್ಯಾಯಗಳು ಈ ಎರಡು ಊರುಗಳ ಆಸುಪಾಸಿನಲ್ಲೇ ಕಾಣಸಿಗುತ್ತವೆ.

ಉಣ್ಣುವುದು ಮತ್ತು ತಿನ್ನುವುದು

ಕನ್ನಡದಲ್ಲಿ ಊಟಕ್ಕೂ ತಿಂಡಿಗೂ ಕ್ರಿಯಾಪದಗಳೇ ಬೇರೆ. ಊಟವನ್ನು ಉಣ್ಣುತ್ತಾರೆ, ತಿಂಡಿಯನ್ನು ತಿನ್ನುತ್ತಾರೆ. ಏಕಾದಶಿಯ ದಿನ ತಟ್ಟೆ ತುಂಬ ಅವಲಕ್ಕಿ ಹಾಕಿಕೊಂಡವರೂ ‘ಇವತ್ತು ಊಟವಿಲ್ಲ’ ಎಂದೇ ಹೇಳುತ್ತಾರೆ. ಇಲ್ಲಿ ವ್ಯತ್ಯಾಸ ಇರುವುದು ಪ್ರಮಾಣದಲ್ಲಿ ಅಲ್ಲ. ಒಲೆಯ ಮೇಲೆ ನೀರಿನಲ್ಲಿ ಬೆಂದ ಅನ್ನವೋ ಮುದ್ದೆಯೋ ಇದ್ದು, ಅದಕ್ಕೆ ಸಾರು, ಮಜ್ಜಿಗೆ ಜೊತೆಯಾಗಿ, ಕುಳಿತು ಉಂಡದ್ದು ಊಟ. ಉಳಿದದ್ದೆಲ್ಲ ತಿಂಡಿ.

ಹಾಗಿದ್ದರೂ ಊಟವನ್ನು ಹೊತ್ತೊಯ್ಯುವ ಅಗತ್ಯ ಹಿಂದಿನವರಿಗೂ ಇತ್ತು. ಅದಕ್ಕೆ ಅವರು ಕಂಡುಕೊಂಡ ದಾರಿಗಳು ಎರಡು. ಮೊದಲನೆಯದು ಬುತ್ತಿ. ಹೊಲಕ್ಕೋ ಸಂತೆಗೋ ಹೋಗುವವರಿಗೆ ಮನೆಯಲ್ಲಿ ಬೇಯಿಸಿದ್ದನ್ನೇ ಎಲೆಯಲ್ಲೋ ಬಟ್ಟೆಯಲ್ಲೋ ಕಟ್ಟಿಕೊಡುವುದು. ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಇದಕ್ಕೆ ಹಬ್ಬದ ರೂಪವೇ ಇದೆ. ಆಶ್ವಯುಜದ ಹುಣ್ಣಿಮೆಯಂದು ತೆನೆಗಟ್ಟುವ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಚಿತ್ತಾರ ಬರೆದ ‘ಭೂಮಣ್ಣಿ’ ಬುಟ್ಟಿಯಲ್ಲಿ ಅಡುಗೆಯನ್ನು ಹೊತ್ತೊಯ್ದು, ಭೂಮಿಗೆ ಬಡಿಸಿ, ಮನೆಮಂದಿಯೆಲ್ಲ ಗದ್ದೆಯಲ್ಲೇ ಕುಳಿತು ಉಣ್ಣುತ್ತಾರೆ. ಬುತ್ತಿಯ ಕೊರತೆ ಎಂದರೆ ಅದು ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಕಡೆತನಕ ಬರುವುದಿಲ್ಲ ಎಂಬ ಗಾದೆ ಹುಟ್ಟಿದ್ದೇ ಈ ಅನುಭವದಿಂದ.

ಎರಡನೆಯ ದಾರಿ, ಆಹಾರದಿಂದ ನೀರನ್ನು ತೆಗೆದುಬಿಡುವುದು. ಹುರಿದು ಬೀಸಿದ ಹುರಿಹಿಟ್ಟು, ಕುಟ್ಟಿದ ಅವಲಕ್ಕಿ, ಬೆಲ್ಲದ ಪಾಕದಲ್ಲಿ ಕಟ್ಟಿದ ಎಳ್ಳುಂಡೆ, ಶೇಂಗಾ ಚಿಕ್ಕಿ, ಬಾಣಂತಿಗೆ ಮಾಡುವ ಅಂಟಿನುಂಡೆ ಇವೆಲ್ಲ ಈ ಜಾತಿಗೆ ಸೇರಿದವು. ನೀರಿನ ಅಂಶ ಕಡಿಮೆ ಇದ್ದಲ್ಲಿ ಬೂಷ್ಟು, ಸೂಕ್ಷ್ಮಾಣುಗಳು ಬೆಳೆಯುವುದಿಲ್ಲ. ಬೆಲ್ಲದ ಗಟ್ಟಿಪಾಕ ಕಾಳುಗಳನ್ನು ಒಂದಕ್ಕೊಂದು ಅಂಟಿಸುವುದರ ಜೊತೆಗೆ, ಇರುವ ಅಲ್ಪಸ್ವಲ್ಪ ತೇವವನ್ನೂ ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಇಂದಿನ ಪೌಷ್ಟಿಕ ಬಾರ್ ಕೆಡದೆ ತಿಂಗಳುಗಟ್ಟಲೆ ಉಳಿಯುವುದೂ ಇದೇ ತತ್ವದ ಮೇಲೆ. ಭದ್ರಾ ಅಚ್ಚುಕಟ್ಟಿನ ಆಲೆಮನೆಗಳ ಬೆಲ್ಲ ಮತ್ತು ಚಳ್ಳಕೆರೆ ಕಡೆಯ ಶೇಂಗಾ ಸೇರಿದರೆ ಆಗುವ ಚಿಕ್ಕಿಯನ್ನು ಬಾರ್‌ನ ಹಿರಿಯ ಬಂಧು ಎನ್ನಲು ಅಡ್ಡಿಯಿಲ್ಲ.

ಈ ಎರಡು ದಾರಿಗಳ ನಡುವೆ ಒಂದು ಮುಖ್ಯ ಭೇದವಿತ್ತು. ಬುತ್ತಿಯನ್ನು ಊಟವೆಂದು ಎಣಿಸಲಾಗುತ್ತಿತ್ತು. ಹುರಿಹಿಟ್ಟು, ಉಂಡೆಗಳನ್ನು ಊಟ ಸಿಗುವತನಕದ ಆಸರೆ ಎಂದು ಎಣಿಸಲಾಗುತ್ತಿತ್ತು. ಇನ್ನು ಬುತ್ತಿ ಕಟ್ಟುವವರೇ ಇಲ್ಲದವರ ಪಾಡು? ಅವರ ಹೊಣೆಯನ್ನು ಊರು, ಮಠಗಳು ಹೊತ್ತ ನಿದರ್ಶನ ಶಿವಮೊಗ್ಗ ಜಿಲ್ಲೆಯಲ್ಲೇ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ಬಣ್ಣಿಸುವ 12ನೇ ಶತಮಾನದ ಶಾಸನ, ಅದನ್ನು ವಿದ್ಯೆಯ ನೆಲೆಯೆಂದು ಹೊಗಳುವಷ್ಟೇ ಗೌರವದಿಂದ, ದೀನರು, ಅನಾಥರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನ ದೊರೆಯುವ ತಾಣವೆಂದೂ ಹೊಗಳುತ್ತದೆ.

ಕುಲುಮೆಗೆ ಮಧ್ಯಾಹ್ನವಿಲ್ಲ

ಈ ಹಳೆಯ ವ್ಯವಸ್ಥೆಯನ್ನು ಅಲುಗಿಸಿದ್ದು ಕಾರ್ಖಾನೆ. ಬೆಂಕಿಪುರ ಎಂಬ ಹೆಸರಿದ್ದ ಹಳ್ಳಿ ಭದ್ರಾವತಿ ಎಂಬ ಕೈಗಾರಿಕಾ ಪಟ್ಟಣವಾದದ್ದು ಮೈಸೂರು ಕಬ್ಬಿಣದ ಕಾರ್ಖಾನೆಯಿಂದ. 1918ರಲ್ಲಿ ಅದರ ನಿರ್ಮಾಣ ಆರಂಭವಾಗಿ, 1923ರಲ್ಲಿ ಉತ್ಪಾದನೆ ಶುರುವಾಯಿತು. ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು ಇವುಗಳ ಬಲದ ಮೇಲೆ ನಿಂತ ಕಾರ್ಖಾನೆ ಅದು. 1936ರಲ್ಲಿ ಉಕ್ಕಿನ ತಯಾರಿಕೆಯೂ ಸೇರಿಕೊಂಡಿತು. ಆ ವರ್ಷವೇ ಮೈಸೂರು ಕಾಗದ ಕಾರ್ಖಾನೆಯ ಸ್ಥಾಪನೆಯೂ ಆಯಿತು.

ಕಬ್ಬಿಣ ಕರಗಿಸುವ ಊದುಕುಲುಮೆಯನ್ನು ಒಮ್ಮೆ ಹೊತ್ತಿಸಿದರೆ ಮನಬಂದಾಗ ಆರಿಸಿ ಮತ್ತೆ ಹೊತ್ತಿಸುವಂತಿಲ್ಲ. ಹಗಲು ರಾತ್ರಿ ಅದಿರು, ಇದ್ದಿಲು ಸುರಿಯುತ್ತಲೇ ಇರಬೇಕು. ಆದ್ದರಿಂದ ಕೆಲಸ ಪಾಳಿಗಳಲ್ಲಿ ಹಂಚಿಹೋಗುತ್ತದೆ. ರೈತ ಸೂರ್ಯನನ್ನು ನೋಡಿ ಬುತ್ತಿ ಬಿಚ್ಚುತ್ತಿದ್ದ. ಕಾರ್ಮಿಕ ಗಡಿಯಾರ ನೋಡಿ ಬಿಚ್ಚಬೇಕಾಯಿತು. ಊಟದ ಹೊತ್ತು ಹಸಿವಿನ ಲೆಕ್ಕ ಬಿಟ್ಟು ಪಾಳಿಯ ಲೆಕ್ಕಕ್ಕೆ ಸೇರಿತು. ಎಲೆಯ ಗಂಟಿನ ಜಾಗಕ್ಕೆ ಟಿಫಿನ್ ಕ್ಯಾರಿಯರ್ ಬಂತು.

ದೇಶದ ಎಲ್ಲೆಡೆ ಕಾರ್ಖಾನೆಗಳು ಎತ್ತಿದ ಈ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟದ್ದು ಸ್ವಾತಂತ್ರ್ಯದ ಮರುವರ್ಷ. 1948ರ ಕಾರ್ಖಾನೆಗಳ ಕಾಯ್ದೆ ಊಟದ ವಿಷಯದಲ್ಲಿ ಮೂರು ನಿಯಮಗಳನ್ನು ಮಾಡಿತು. ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ಯಾರನ್ನೂ ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು. 150ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ, ಅವರು ತಂದ ಬುತ್ತಿಯನ್ನು ಕುಳಿತು ಉಣ್ಣಲು ಕುಡಿಯುವ ನೀರಿನ ಸಮೇತ ಊಟದ ಕೋಣೆ ಇರಬೇಕು. 250ಕ್ಕಿಂತ ಹೆಚ್ಚು ಮಂದಿಯಿದ್ದಲ್ಲಿ ಕ್ಯಾಂಟೀನ್ ನಡೆಸುವಂತೆ ಸರ್ಕಾರ ನಿಯಮ ಮಾಡಬಹುದು. ಊಟದ ಕೋಣೆ ಇರುವ ಕಾರ್ಖಾನೆಯಲ್ಲಿ ಕೆಲಸದ ಜಾಗದಲ್ಲೇ ಕುಳಿತು ತಿನ್ನುವುದನ್ನೂ ಆ ಕಾಯ್ದೆ ನಿಷೇಧಿಸಿತು. ಸೂಕ್ಷ್ಮವಾಗಿ ನೋಡಿದರೆ ಇದರ ಅರ್ಥ ದೊಡ್ಡದು. ಊಟವೆಂದರೆ ಹೊಟ್ಟೆಗೆ ಬೀಳುವ ಪದಾರ್ಥವಷ್ಟೇ ಅಲ್ಲ, ಅದಕ್ಕೊಂದು ಹೊತ್ತು ಮತ್ತು ಜಾಗ ಬೇಕು. ಇವೆರಡನ್ನು ಒದಗಿಸುವುದು ದುಡಿಸಿಕೊಳ್ಳುವವನ ಹೊಣೆ ಎಂದು ಕಾನೂನು ಒಪ್ಪಿಕೊಂಡಿತು.

ಅಡುಗೆಮನೆ ಹಿಂಬಾಲಿಸಲಾಗದ ಕಡೆ

ಹಾಗಾದರೆ ಬಾರ್ ಎಲ್ಲಿ ಹುಟ್ಟಿತು? ಯಾವ ಅಡುಗೆಮನೆಯೂ ಹಿಂಬಾಲಿಸಿ ಹೋಗಲಾರದ ಜಾಗಗಳಿಗಾಗಿ. 1937ರಲ್ಲಿ ಅಮೆರಿಕದ ಸೇನೆ ತುರ್ತು ಆಹಾರವೊಂದನ್ನು ಮಾಡಿಕೊಡುವಂತೆ ಹರ್ಷೀಸ್ ಚಾಕೊಲೇಟ್ ಕಂಪನಿಯನ್ನು ಕೇಳಿತು. ತೂಕ ನಾಲ್ಕು ಔನ್ಸ್, ಅಂದರೆ ಸುಮಾರು 113 ಗ್ರಾಂ ಇರಬೇಕು, ಬಿಸಿಲಿಗೆ ಕರಗಬಾರದು, ಹೆಚ್ಚು ಶಕ್ತಿ ಕೊಡಬೇಕು. ಇವುಗಳ ಜೊತೆಗೆ ಒಂದು ವಿಚಿತ್ರ ಷರತ್ತೂ ಇತ್ತು. ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪವೇ ಮೇಲಿರಬೇಕು. ರುಚಿ ಹೆಚ್ಚಾದರೆ ಸೈನಿಕರು ಆಪತ್ತಿಗೆ ಕಾಯದೆ ತಿಂದು ಮುಗಿಸಿಬಿಟ್ಟಾರು ಎಂಬ ಭಯ! ಹೀಗೆ ತಯಾರಾದ ‘ಡಿ ರೇಷನ್’ ತುಂಡೊಂದರಲ್ಲಿ 600 ಕ್ಯಾಲೊರಿಯಷ್ಟು ಶಕ್ತಿಯಿತ್ತು.

ಮುಂದೆ 1960ರ ದಶಕದ ಕೊನೆಗೆ ಬಾಹ್ಯಾಕಾಶ ಯಾನದ ಹುಮ್ಮಸ್ಸಿನಲ್ಲಿ ಪಿಲ್ಸ್‌ಬರಿ ಎಂಬ ಕಂಪನಿ ಕಡ್ಡಿಯಾಕಾರದ ‘ಸ್ಪೇಸ್ ಫುಡ್ ಸ್ಟಿಕ್ಸ್’ ಮಾರಾಟಕ್ಕೆ ತಂದಿತು. 1986ರಲ್ಲಿ ಬ್ರಯಾನ್ ಮ್ಯಾಕ್ಸ್‌ವೆಲ್ ಎಂಬ ಮ್ಯಾರಥಾನ್ ಓಟಗಾರ, ಓಟದ ನಡುವೆ ಶಕ್ತಿ ಉಡುಗುವ ತೊಂದರೆಗೆ ಪರಿಹಾರವಾಗಿ ಕ್ಯಾಲಿಫೋರ್ನಿಯಾದಲ್ಲಿ ‘ಪವರ್‌ಬಾರ್’ ತಯಾರಿಸಿದ. ಸೈನಿಕ, ಗಗನಯಾತ್ರಿ, ಓಟಗಾರ ಈ ಮೂವರಿಗೂ ಸಮಾನವಾದ ಅಂಶವೊಂದಿದೆ. ಅವರು ನಿಂತು ಉಣ್ಣಲಾರರು; ಒಲೆ ಅವರ ಬಳಿಗೆ ಹೋಗಲಾರದು. ಆ ಸಂದರ್ಭ ಮುಗಿದ ಕೂಡಲೇ ಅವರೂ ಊಟಕ್ಕೇ ಮರಳುತ್ತಾರೆ.

ಕರ್ನಾಟಕದಲ್ಲೂ ಈ ಬಗೆಯ ಸಂಶೋಧನೆಗೆ ಗಟ್ಟಿ ಪರಂಪರೆಯಿದೆ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಶೇಂಗಾದ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವ ಮತ್ತು ಸುಣ್ಣದ ಅಂಶ ಸೇರಿಸಿದ ‘ಬಹೂಪಯೋಗಿ ಆಹಾರ’ವನ್ನು ರೂಪಿಸಿತು. ಇದನ್ನು ಊಟದ ಬದಲಿಗೆಂದು ಮಾಡಿದ್ದಲ್ಲ. ಬಡವರ ತಟ್ಟೆಯಲ್ಲಿದ್ದ ಅನ್ನ, ಸಾರುಗಳಿಗೆ ಬೆರೆಸಿ ಪ್ರೋಟೀನ್ ಕೊರತೆ ತುಂಬಲೆಂದು ಮಾಡಿದ್ದು. ಮೈಸೂರಿನಲ್ಲೇ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಹಿಮಗಡಿಯ ಸೈನಿಕರಿಗೆ ಕೆಡದ ಆಹಾರವನ್ನು ರೂಪಿಸುತ್ತ ಬಂದಿದೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಭಾರತೀಯ ತಿನಿಸುಗಳನ್ನು ಸಿದ್ಧಪಡಿಸಿ ಕೊಟ್ಟದ್ದೂ ಇದೇ ಸಂಸ್ಥೆ.

ಬಿಸ್ಕತ್ತೋ, ಬಿಸಿಯೂಟವೋ?

ಪೊಟ್ಟಣದ ಆಹಾರ ಊಟದ ಜಾಗಕ್ಕೆ ಬರಬಹುದೇ ಎಂಬ ಪ್ರಶ್ನೆ ದೇಶದ ಮಟ್ಟದಲ್ಲಿ ಗಂಭೀರವಾಗಿ ಎದುರಾದದ್ದು ಶಾಲಾ ಮಕ್ಕಳ ವಿಷಯದಲ್ಲಿ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಮಧ್ಯಾಹ್ನದ ಊಟದ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತಾದರೂ ಹೆಚ್ಚಿನ ರಾಜ್ಯಗಳಲ್ಲಿ ಮಕ್ಕಳಿಗೆ ಸಿಗುತ್ತಿದ್ದುದು ಊಟವಲ್ಲ, ತಿಂಗಳಿಗೆ ಮೂರು ಕಿಲೋ ಧಾನ್ಯ. ಆ ಧಾನ್ಯ ಮನೆಯ ಪಾತ್ರೆ ಸೇರಿ ಎಲ್ಲರ ಪಾಲಾಗುತ್ತಿತ್ತು. ಶಾಲೆಯಲ್ಲಿ ಮಗುವಿನ ಮಧ್ಯಾಹ್ನದ ಹಸಿವು ಹಾಗೆಯೇ ಉಳಿಯುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್, ಆಹಾರದ ಹಕ್ಕಿನ ಪ್ರಕರಣದಲ್ಲಿ, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ, 2003ರಲ್ಲಿ ಶಿವಮೊಗ್ಗ ಸೇರಿದಂತೆ ಉಳಿದ ಜಿಲ್ಲೆಗಳಿಗೂ ಬಂತು. ಶಾಲೆಯಲ್ಲಿ ಒಲೆ ಹೊತ್ತಿತು.

ಆದರೆ ಒಲೆ ಹೊತ್ತಿಸುವುದು ಸುಲಭದ ಕೆಲಸವಲ್ಲ. ಅಡುಗೆಯವರು, ಸೌದೆ ಅಥವಾ ಅನಿಲ, ಶುದ್ಧ ನೀರು, ಪಾತ್ರೆ ತೊಳೆಯುವ ಜಾಗ ಎಲ್ಲವೂ ಬೇಕು. ಈ ಕಷ್ಟವನ್ನೇ ಮುಂದಿಟ್ಟುಕೊಂಡು 2007ರ ಸುಮಾರಿಗೆ ಬಿಸ್ಕತ್ತು ತಯಾರಕರ ಸಂಘ, ಬಿಸಿಯೂಟದ ಬದಲು ಪೌಷ್ಟಿಕಾಂಶ ಸೇರಿಸಿದ ಬಿಸ್ಕತ್ತಿನ ಪೊಟ್ಟಣ ಕೊಡಬಹುದೆಂದು ಸಂಸದರಿಗೆ ಪತ್ರ ಬರೆಯಿತು. ಪಕ್ಷಭೇದವಿಲ್ಲದೆ ಹಲವು ಸಂಸದರು ಇದನ್ನು ಬೆಂಬಲಿಸಿದ್ದೂ ಉಂಟು. ಅರ್ಥಶಾಸ್ತ್ರಜ್ಞರು, ಪೌಷ್ಟಿಕ ತಜ್ಞರು ವಿರೋಧಿಸಿದರು. ಅಭಿಪ್ರಾಯ ಕೇಳಲಾದ ರಾಜ್ಯಗಳೂ ಒಲವು ತೋರಲಿಲ್ಲ. ಕೊನೆಗೆ ಮಾನವ ಸಂಪನ್ಮೂಲ ಸಚಿವಾಲಯ ಆ ಸಲಹೆಯನ್ನು ತಳ್ಳಿಹಾಕಿತು. ಬಿಸ್ಕತ್ತಿನ ಪೊಟ್ಟಣದ ಪರವಾಗಿ ಅಂದು ಹೇಳಿದ ಮಾತುಗಳಿಗೂ, ಇಂದು ಪೌಷ್ಟಿಕ ಬಾರ್‌ನ ಪರವಾಗಿ ಹೇಳುವ ಮಾತುಗಳಿಗೂ ಹೆಚ್ಚಿನ ಅಂತರವಿಲ್ಲ. ಚೊಕ್ಕಟ, ಅಳತೆಬದ್ಧ, ಕೆಡುವುದಿಲ್ಲ, ಹೊತ್ತು ಉಳಿಯುತ್ತದೆ.

ಚಿಕ್ಕಿ ಬಂದು ಹೋದ ಕಥೆ

ಬಾರ್‌ನಂಥ ಪದಾರ್ಥ ಕರ್ನಾಟಕದ ಶಾಲೆಗಳಿಗೆ ಮುಂದೆ ಬೇರೊಂದು ರೂಪದಲ್ಲಿ ಬಂತು. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಉತ್ತರದ ಜಿಲ್ಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಆರಂಭವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. 2022ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ಶೇಂಗಾ ಚಿಕ್ಕಿಯೂ ಆಯ್ಕೆಯಾಗಿ ಸೇರಿತು. ಹೀಗೆ ಮೊಟ್ಟೆ ತಿನ್ನದ ಮಕ್ಕಳಿಗಾಗಿ ಶಿವಮೊಗ್ಗ, ಭದ್ರಾವತಿಯ ಸರ್ಕಾರಿ ಶಾಲೆಗಳ ಊಟದ ಪಟ್ಟಿಯಲ್ಲಿಯೂ ಚಿಕ್ಕಿಗೆ ಜಾಗ ಸಿಕ್ಕಿತು. ಇಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಚಿಕ್ಕಿ ಬಂದದ್ದು ಊಟದ ಜೊತೆಗೆ, ಊಟದ ಬದಲಿಗೆ ಅಲ್ಲ.

ಹಾಗಿದ್ದೂ ಅದು ಬಹುಕಾಲ ನಿಲ್ಲಲಿಲ್ಲ. ಚಿಕ್ಕಿಯ ಗುಣಮಟ್ಟ, ಅದರಲ್ಲಿನ ಸಕ್ಕರೆ ಮತ್ತು ಕೊಬ್ಬಿನ ಬಗ್ಗೆ ಆಕ್ಷೇಪಗಳು ಬಂದವು. 2025ರ ಆರಂಭದಲ್ಲಿ ಶಾಲಾ ಶಿಕ್ಷಣ ಇಲಾಖೆ ಚಿಕ್ಕಿಯನ್ನು ಕೈಬಿಟ್ಟು, ಮೊಟ್ಟೆ ಅಥವಾ ಬಾಳೆಹಣ್ಣನ್ನಷ್ಟೇ ಕೊಡಲು ಸೂಚಿಸಿತು. ಚಿಕ್ಕಿಯ ಸ್ವಭಾವ ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಬೆಲ್ಲ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಗರಿಗರಿಯಾದ ಚಿಕ್ಕಿ ನಾಲ್ಕು ದಿನಕ್ಕೆ ಜಿಗುಟಾಗುತ್ತದೆ. ಶೇಂಗಾದ ಎಣ್ಣೆ ಗಾಳಿಗೆ ಕಮಟುತ್ತದೆ. ತೇವ ತಗುಲಿದ ಶೇಂಗಾದಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಮನೆಯಲ್ಲಿ ಮಾಡಿ ಡಬ್ಬಿಯಲ್ಲಿಟ್ಟು ವಾರದೊಳಗೆ ಮುಗಿಸುವ ತಿನಿಸು, ಲಕ್ಷಗಟ್ಟಲೆ ಮಕ್ಕಳಿಗೆ ಗೋದಾಮಿನಿಂದ ಹೋಗುವಾಗ ಬೇರೆಯದೇ ಎಚ್ಚರವನ್ನು ಬೇಡುತ್ತದೆ.

ಒಂದು ಸರಳ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರಬಹುದು. 40 ಗ್ರಾಂ ತೂಕದ ಚಿಕ್ಕಿಯಲ್ಲಿ 24 ಗ್ರಾಂ ಶೇಂಗಾ, 16 ಗ್ರಾಂ ಬೆಲ್ಲ ಇದೆಯೆಂದು ಹಿಡಿಯೋಣ. ಅದರಿಂದ ಸಿಗುವುದು ಸುಮಾರು 200 ಕ್ಯಾಲೊರಿ ಶಕ್ತಿ, 6 ಗ್ರಾಂ ಪ್ರೋಟೀನ್. ಅಂಗಡಿಯ ಎಷ್ಟೋ ಬಾರ್‌ಗಳು ಶಕ್ತಿಯ ಲೆಕ್ಕದಲ್ಲಿ ಇದರ ಆಸುಪಾಸಿನಲ್ಲೇ ಇವೆ; ಪ್ರೋಟೀನ್ ಪುಡಿ ಹೆಚ್ಚು ಬೆರೆಸಿದವುಗಳಲ್ಲಿ ಪ್ರೋಟೀನ್ ಇದರ ಎರಡು ಮೂರು ಪಟ್ಟು ಇರುತ್ತದೆ. ಬಿಸಿಯೂಟದ ನಿಯಮದ ಪ್ರಕಾರ ಐದನೆಯ ತರಗತಿವರೆಗಿನ ಮಗುವಿನ ಒಂದು ಊಟದಲ್ಲೇ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರಬೇಕು. ಆರರಿಂದ ಎಂಟನೆಯ ತರಗತಿಯವರಿಗೆ 700 ಕ್ಯಾಲೊರಿ, 20 ಗ್ರಾಂ. ಅಂದರೆ ದುಡಿಯುವ ದೊಡ್ಡವರು ಮಧ್ಯಾಹ್ನದ ಊಟವೆಂದು ಭಾವಿಸಿ ತಿನ್ನುವ ಒಂದು ಬಾರ್, ಶಕ್ತಿಯ ಲೆಕ್ಕದಲ್ಲಿ ಒಂದನೆಯ ತರಗತಿಯ ಮಗುವಿನ ಊಟದ ಅರ್ಧಕ್ಕೂ ಸಾಲದು.

ಇನ್ನೂ ಒಂದು ವ್ಯತ್ಯಾಸವಿದೆ. ಅಕ್ಕಿ ಬೆಂದು ಅನ್ನವಾಗುವಾಗ ತನ್ನ ತೂಕದ ಎರಡು ಪಾಲಿನಷ್ಟು ನೀರನ್ನು ಕುಡಿಯುತ್ತದೆ. ಸಾರು, ಪಲ್ಯ, ಮಜ್ಜಿಗೆಯಲ್ಲೂ ನೀರೇ ಹೆಚ್ಚು. ಹೊಟ್ಟೆ ತುಂಬಿದ ಅರಿವು ಬರುವುದರಲ್ಲಿ ಈ ಗಾತ್ರದ ಪಾತ್ರ ದೊಡ್ಡದು. ಬಾರ್‌ನಲ್ಲಿ ತೆಗೆದುಹಾಕಿರುವುದು ಅದನ್ನೇ. ಆದ್ದರಿಂದಲೇ ಬಾರ್ ತಿಂದವರಿಗೆ ಮೂರೂವರೆಯ ಹೊತ್ತಿಗೆ ಬೋಂಡದ ಅಂಗಡಿ ಕರೆಯುವುದು. ಸೊಪ್ಪು, ತರಕಾರಿಗಳ ಅಂಶವೂ ಅದರಲ್ಲಿ ಅಪರೂಪ. ಹೊದಿಕೆಯ ಹಿಂದೆ ಸಣ್ಣ ಅಕ್ಷರದಲ್ಲಿ ಮುದ್ರಿಸಿದ ಸಕ್ಕರೆಯ ಪ್ರಮಾಣ ನೋಡಿದರೆ, ಕೆಲವನ್ನು ಮಿಠಾಯಿ ಎಂದೇ ಕರೆಯಬೇಕಾದೀತು. ಹಾಗೆಂದು ಬಾರ್ ನಿಷ್ಪ್ರಯೋಜಕವೆಂದಲ್ಲ. ಊಟ ತಪ್ಪುವ ದಿನ, ದೂರದ ಪ್ರಯಾಣದಲ್ಲಿ, ಖಾಲಿ ಹೊಟ್ಟೆಗಿಂತ ಅದು ಎಷ್ಟೋ ಮೇಲು. ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಜೊತೆಯಾದರೆ ಹಗುರ ಉಪಾಹಾರವೂ ಆದೀತು. ಹುರಿಹಿಟ್ಟು, ಉಂಡೆಗಳಿಗೆ ಹಿಂದಿನವರು ಕೊಟ್ಟ ಸ್ಥಾನವೇ ಅದಕ್ಕೂ ಸಲ್ಲುತ್ತದೆ. ಊಟ ಸಿಗುವತನಕದ ಆಸರೆ.

ಹೊಣೆ ಕಿಸೆಗೆ ಬಂದಾಗ

ಬುತ್ತಿಯ ಹೊಣೆ ಮನೆಯದಾಗಿತ್ತು. ಕ್ಯಾಂಟೀನಿನ ಹೊಣೆ ಕಾರ್ಖಾನೆಯದು. ಬಿಸಿಯೂಟದ ಹೊಣೆ ಸರ್ಕಾರದ್ದು. ಬಾರ್‌ನ ಹೊಣೆ ಮಾತ್ರ ಅದನ್ನು ಕೊಳ್ಳುವವನ ಕಿಸೆಯದು. ಆಹಾರದ ಗಾತ್ರ ಕಿರಿದಾಗುತ್ತ ಬಂದಂತೆ ಅದರ ಹೊಣೆ ಹೊರುವ ಬಳಗವೂ ಕಿರಿದಾಗುತ್ತ ಬಂದಿದೆ.

ಭದ್ರಾವತಿಯಲ್ಲಿ ಈ ಬದಲಾವಣೆಯ ಹಿನ್ನೆಲೆ ಕಣ್ಣಿಗೆ ಕಾಣುವಂತಿದೆ. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಕಾರ್ಮಿಕರ ಹೋರಾಟದ ನಂತರ ಆಗಸ್ಟ್‌ನಲ್ಲಿ ಕೆಲವು ಘಟಕಗಳು ಮತ್ತೆ ಚಾಲನೆ ಪಡೆದವು. ದೊಡ್ಡ ಕಾರ್ಖಾನೆ ಸೊರಗಿದಾಗ ಕೆಲಸದ ಜೊತೆ ಊಟದ ಕೋಣೆ, ಕ್ಯಾಂಟೀನು, ಊಟದ ಬಿಡುವುಗಳ ರಕ್ಷಣೆಯೂ ಹೋಗುತ್ತದೆ. 1948ರ ಕಾಯ್ದೆಯ ಜಾಗಕ್ಕೆ ತಂದ 2020ರ ಕಾರ್ಮಿಕ ಸಂಹಿತೆ ಕ್ಯಾಂಟೀನಿಗೆ ಬೇಕಾದ ಸಂಖ್ಯೆಯನ್ನು 100ಕ್ಕೆ ಇಳಿಸಿ, ಗುತ್ತಿಗೆ ಕಾರ್ಮಿಕರನ್ನೂ ಎಣಿಕೆಗೆ ಸೇರಿಸಿದೆ. ಆದರೆ ಹತ್ತು ಮಂದಿ ದುಡಿಯುವ ಬಟ್ಟೆಯಂಗಡಿಗೆ, ಬೈಕಿನ ಮೇಲೆ ಮನೆಮನೆಗೆ ಪೊಟ್ಟಣ ತಲುಪಿಸುವ ಹುಡುಗನಿಗೆ ಆ ಸಂಖ್ಯೆ ಎಟುಕುವುದಿಲ್ಲ. ಇತರರಿಗೆ ಬಿಸಿಯೂಟ ತಲುಪಿಸಿ ತಾನು ಬಾರ್ ತಿನ್ನುವ ವಿಪರ್ಯಾಸ ಅವನದು. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಇತರ ಊರುಗಳಿಗೂ ಹಬ್ಬಿದ ಇಂದಿರಾ ಕ್ಯಾಂಟೀನು ಇಂಥವರನ್ನು ತಲುಪುವ ಒಂದು ಪ್ರಯತ್ನ.

ಬಾರ್ ತಿನ್ನುವವರಲ್ಲಿ ತೂಕ ಇಳಿಸಲೆಂದು ತಿನ್ನುವವರೂ ಇದ್ದಾರೆ, ಕುಳಿತು ಉಣ್ಣಲು ಅರ್ಧ ಗಂಟೆ ಸಿಗದೆ ತಿನ್ನುವವರೂ ಇದ್ದಾರೆ. ಮೊದಲಿನವರದು ಆಯ್ಕೆ, ಎರಡನೆಯವರದು ಅನಿವಾರ್ಯ. ಹೊದಿಕೆ ಎರಡಕ್ಕೂ ಒಂದೇ ಆದ್ದರಿಂದ ವ್ಯತ್ಯಾಸ ಹೊರಗೆ ಕಾಣುವುದಿಲ್ಲ. ಸಿಹಿ ತುಂಬಿದ ಮೊಗೆಯಿಂದ ತನ್ನ ಹೆಸರು ಬಂತೆಂದು ಹೇಳಿಕೊಳ್ಳುವ ಊರು ಶಿವಮೊಗ್ಗ. ಎದುರು ಸಿಕ್ಕವರನ್ನು ‘ಊಟ ಆಯ್ತಾ?’ ಎಂದು ಕೇಳುವ ವಾಡಿಕೆ ಅಲ್ಲಿ ಇಂದಿಗೂ ಉಳಿದಿದೆ. ಆ ಪ್ರಶ್ನೆಗೆ ‘ಏನೋ ಒಂದು ತಿಂದೆ’ ಎಂಬ ಉತ್ತರ ಬಂದರೆ, ಏನು ತಿಂದರು ಎಂಬುದರ ಜೊತೆಗೆ, ಉಣ್ಣಲು ಯಾಕಾಗಲಿಲ್ಲ ಎಂಬುದನ್ನೂ ಕೇಳಬೇಕಾಗುತ್ತದೆ.